ಡಾಕ್ಟರ್ ಇದ್ದಾರಲ್ಲ, ನೀವೇನು ಮಾಡ್ತೀರಿ?

ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲಿ ಹೋದರೂ ನನಗೆ ಇದೇ ಪ್ರಶ್ನೆ. ನಾನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಸಮಾಜ ಕಾರ್ಯಕರ್ತೆ. ತಂಡದಲ್ಲಿ ಮನೋವೈದ್ಯರು, ಸೈಕಾಲಜಿಸ್ಟ್, ನರ್ಸ್ ಎಲ್ಲರೂ ಇದ್ದಾರೆ. 'ಮಾತ್ರೆ ಕೊಡೋಕೆ ಡಾಕ್ಟರ್, ಮಾತಾಡೋಕೆ ಸೈಕಾಲಜಿಸ್ಟ್. ಮಧ್ಯೆ ನಿಮಗೇನು ಕೆಲಸ?' ಅಂತ ಕೇಳುತ್ತಾರೆ.

ನನ್ನ ಉತ್ತರ ಒಂದು ಪಂಪ್‌ಸೆಟ್ಟಿನ ಕತೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆಗಳಿಗಾಗಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿಗೆ ಒಬ್ಬ ರೈತರು ಬರುತ್ತಿದ್ದರು. ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿಗಳು ಕೇಳಿಸುವಂಥ ತೀವ್ರ ಮಾನಸಿಕ ಕಾಯಿಲೆ. ಚೆನ್ನಾಗಿ ಸುಧಾರಿಸಿದ್ದವರಿಗೆ ಮತ್ತೆ ಕಿವಿಯಲ್ಲಿ ದನಿಗಳು ಕೇಳತೊಡಗಿದವು. ತಿಂಗಳು ತಪ್ಪದೆ ಮಾತ್ರೆ ಒಯ್ದಿದ್ದಾರೆ ಅಂತ ನರ್ಸ್ ಬಳಿಯ ರಿಜಿಸ್ಟರ್ ಹೇಳುತ್ತಿತ್ತು. ಬೆಳಿಗ್ಗೆ ತಡವಾಗಿ ಏಳುವುದಕ್ಕೆ ಮನೆಯಲ್ಲಿ 'ಸೋಮಾರಿ' ಅಂತ ಬೈಸಿಕೊಳ್ಳುತ್ತಿದ್ದರು ಅನ್ನುವುದು ಸೈಕಾಲಜಿಸ್ಟ್‌ಗೆ ಗೊತ್ತಿತ್ತು. ಮಾತ್ರೆ ಸಾಲುತ್ತಿಲ್ಲ ಅಂದುಕೊಂಡು ಡಾಕ್ಟರ್ ಡೋಸ್ ಜಾಸ್ತಿ ಮಾಡುವ ಯೋಚನೆಯಲ್ಲಿದ್ದರು.

ನಾನು ಅವರ ಮನೆಗೆ ಹೋದೆ. ಹೆಂಡತಿ ಅಡುಗೆಮನೆಯ ನಾಗಂದಿಗೆಯಿಂದ ಒಂದು ಹಳೇ ಬಿಸ್ಕತ್ ಡಬ್ಬ ಇಳಿಸಿ ಮುಚ್ಚಳ ತೆಗೆದರು. ಒಳಗೆ ಒಡೆಯದ ಮಾತ್ರೆ ಹಾಳೆಗಳು, ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿಟ್ಟಿದ್ದವು. ಆತ ತಲೆ ತಗ್ಗಿಸಿ ಹೇಳಿದರು: 'ಮಾತ್ರೆ ನುಂಗಿದ್ರೆ ಎಚ್ಚರ ಆಗಲ್ಲ ಮೇಡಂ. ತ್ರೀ ಫೇಸ್ ಕರೆಂಟ್ ಬರೋದು ರಾತ್ರಿ ಒಂದು ಗಂಟೆಗೆ. ನಾನು ಎದ್ದು ಮೋಟರ್ ಹಾಕ್ದಿದ್ರೆ ಬೆಳೆ ಒಣಗುತ್ತೆ.'

ಇದನ್ನೆಲ್ಲ ಬರೆದು ಫೈಲಿಗೆ ಸೇರಿಸಿದೆ. ತಪ್ಪು ಮಾಡಿದ್ದು ಅಲ್ಲೇ. ಬರೆದ ಮೇಲೆ ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಮುಂದಿನ ಮಂಗಳವಾರ ಕ್ಯೂ ಬಾಗಿಲಾಚೆಗೂ ಬೆಳೆದಿತ್ತು, ಫೈಲು ಓದಲು ಯಾರಿಗೂ ಪುರುಸೊತ್ತಿರಲಿಲ್ಲ. ಡಾಕ್ಟರ್ ಹೊಸ ಡೋಸ್ ಬರೆಯಲು ಪೆನ್ನು ತೆಗೆದಾಗ ನಾನು ಬಾಯಿ ಬಿಟ್ಟೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು. ಡೋಸ್ ಏರಲಿಲ್ಲ.

ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರ ತೀರ್ಮಾನವನ್ನು ಬದಲಿಸಿದಾಗಲೇ ನಾನು ಅದನ್ನು ತಂಡ ಅನ್ನುವುದು. ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಶುರು ಮಾಡಿದ ಪ್ರಯೋಗವೇ 1996ರಲ್ಲಿ ದೇಶದ ಕಾರ್ಯಕ್ರಮವಾಗಿ, ಅಂದರೆ ನಾನು ಕೆಲಸ ಮಾಡುವ ಈ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ, ಬೆಳೆದದ್ದು. ಚಿಕಿತ್ಸೆ ಜನರ ಊರಿನ ಹತ್ತಿರಕ್ಕೆ ಬರಲಿ ಅನ್ನುವುದು ಅದರ ಆಸೆ. ಚಿಕಿತ್ಸೆ ಊರಿಗೆ ಬಂದರೆ ಊರಿನ ಕರೆಂಟು, ಬಸ್ಸು, ಸಾಲ ಎಲ್ಲವೂ ಚಿಕಿತ್ಸೆಯೊಳಗೆ ಬರುತ್ತವೆ, ಅಲ್ವಾ?

ಆಮೇಲೆ ಒಂದು ಸಣ್ಣ ಗುಂಪು ಮಾಡಿದೆವು. ನಾನು, ನರ್ಸ್, ರೈತರ ತಮ್ಮ, ಊರಿನ ಆಶಾ ಕಾರ್ಯಕರ್ತೆ, ಮತ್ತೆ ಸ್ವತಃ ಆ ರೈತರು. ಅವರನ್ನು ಬಿಟ್ಟು ಅವರ ಬಗ್ಗೆ ಮಾತಾಡಬಾರದು ಅನ್ನುವುದು ನನ್ನ ಹಟ. ಗುಂಪಿಗಿದ್ದದ್ದು ಒಂದೇ ಕೆಲಸ: ಅವರು ರಾತ್ರಿ ಮಲಗಬೇಕು, ಬೆಳೆಯೂ ಉಳಿಯಬೇಕು. ಆರು ವಾರದ ಗಡುವು. ರಾತ್ರಿ ಮೋಟರ್ ತಮ್ಮನ ಪಾಲಿಗೆ, ಅದರ ಬದಲಿಗೆ ಹಗಲಿನ ದನದ ಕೆಲಸ ಅಣ್ಣನ ಪಾಲಿಗೆ. ವಾರಕ್ಕೆರಡು ಸಲ ನರ್ಸ್ ಫೋನ್ ಮಾಡುವುದು. ಏಳನೇ ವಾರ ಗುಂಪನ್ನು ಮುಗಿಸಿದೆವು. ಕೆಲಸ ಮುಗಿದರೂ ಸುಮ್ನೆ ಸಭೆ ನಡೆಸುವ ಸಮಿತಿಗಳನ್ನು ಸಾಕಷ್ಟು ನೋಡಿದ್ದೇನೆ. ಅಲ್ಲಿ ಚಹಾ ಬಿಟ್ಟು ಬೇರೇನೂ ಆಗುವುದಿಲ್ಲ.

ಇದರಲ್ಲಿ ಕಷ್ಟವಾಗಿದ್ದು ಆಶಾ ಕಾರ್ಯಕರ್ತೆಗೆ ಎಷ್ಟು ಹೇಳಬೇಕು ಅನ್ನುವುದು. ಅವರೂ ಅದೇ ಊರಿನವರು, ಮನೆ ಎರಡು ಬೀದಿ ಆಚೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಹಾಗಾಗಿ ಮೊದಲು ರೈತರನ್ನೇ ಕೇಳಿದೆವು. 'ಮಾತ್ರೆ ವಿಷಯ ಹೇಳಿ, ಕಾಯಿಲೆ ಹೆಸರು ಬೇಡ' ಅಂದರು. ಅಷ್ಟನ್ನೇ ಹೇಳಿದೆವು.

ಆಶಾ ಕಾರ್ಯಕರ್ತೆ ಇವತ್ತಿಗೂ ಹೆಸರು ಕೇಳಿಲ್ಲ. ಸಂಜೆ ಆ ಕಡೆ ಹೋದಾಗ ಜಗುಲಿಯ ಹತ್ತಿರ ನಿಂತು 'ಅಣ್ಣಾ, ಊಟ ಆಯ್ತಾ, ಮಾತ್ರೆ ಆಯ್ತಾ' ಅಂತ ಕೇಳಿ ಮುಂದಕ್ಕೆ ಹೋಗುತ್ತಾರೆ.