ಈ ಮಾಡು ಸೋರ್ತದೆ

ದಿನಾ ಚಿತ್ರ ಬಿಡಿಸಬೇಕು ಅಂತ ಅಂದುಕೊಂಡಾಗ ನನಗೆ ಸಿಕ್ಕಿದ ಹೊತ್ತು, ಕುಚ್ಚಲಕ್ಕಿ ಬೇಯುವ ಹೊತ್ತು. ನಮ್ಮ ಮನೆಯಲ್ಲಿ ಈಗಲೂ ಅನ್ನ ಪಾತ್ರೆಯಲ್ಲೇ ಆಗಬೇಕು. ಅಕ್ಕಿ ಹಾಕಿದ ಮೇಲೆ ಮುಕ್ಕಾಲು ಗಂಟೆ ಒಲೆ ಬಿಟ್ಟು ದೂರ ಹೋಗುವ ಹಾಗಿಲ್ಲ. ಹಾಗಂತ ಮಾಡಲಿಕ್ಕೆ ಕೆಲಸವೂ ಇರುವುದಿಲ್ಲ. ಇಷ್ಟು ವರ್ಷ ಆ ಹೊತ್ತೆಲ್ಲ ಮೊಬೈಲಿಗೆ ಹೋಗುತ್ತಿತ್ತು.

ಮೊದಲು ಮಂಗಳೂರಿನ ಹಂಪನಕಟ್ಟೆಗೆ ಹೋಗಿ ದಪ್ಪ ಕಾಗದದ ಒಂದು ಪುಸ್ತಕ, 2ಬಿ, 4ಬಿ ಪೆನ್ಸಿಲ್, ಮೆತ್ತಗಿನ ರಬ್ಬರ್ ಎಲ್ಲ ತಂದಿದ್ದೆ. ತಂದದ್ದೇ ತಪ್ಪಾಯಿತು. ಅಷ್ಟು ದುಡ್ಡು ಕೊಟ್ಟ ಪುಸ್ತಕದ ಮೊದಲ ಪುಟ ಹಾಳು ಮಾಡುವ ಧೈರ್ಯ ಬರಲಿಲ್ಲ. ಮೂರು ತಿಂಗಳು ಕಪಾಟಿನಲ್ಲೇ ಇತ್ತು. ಕೊನೆಗೆ ಬ್ಯಾಂಕಿನವರು ಕೊಟ್ಟಿದ್ದ 2023ರ ಡೈರಿ ಕೈಗೆ ಸಿಕ್ಕಿತು. ಒಂದು ಅಕ್ಷರ ಬರೆದಿರಲಿಲ್ಲ. ಹೇಗೂ ರದ್ದಿಗೆ ಹೋಗುವುದು, ಇದನ್ನು ಹಾಳು ಮಾಡಿದರೆ ಯಾರು ಕೇಳುತ್ತಾರೆ?

2024ರ ಏಪ್ರಿಲ್ 1ಕ್ಕೆ ಶುರು ಮಾಡಿದೆ. ಅದು ಮೂರ್ಖರ ದಿನ ಅಂತ ಮಗ ನೆನಪಿಸಿದ. ಹಳೇ ಡೈರಿ, ಮೇಲಿಂದ ಆ ವರ್ಷ ಫೆಬ್ರವರಿಗೆ 29 ದಿನ ಬೇರೆ. ಹಾಗಾಗಿ ನಮಗೆ ಸೋಮವಾರ ಆದರೆ ಡೈರಿಗೆ ಶನಿವಾರ. ಆದರೆ ಒಂದು ಉಪಕಾರ ಆಯಿತು. ತಾರೀಕು ಅಚ್ಚಾಗಿರುವ ಕಾರಣ ತಪ್ಪಿಸಿದ ದಿನ ಖಾಲಿ ಪುಟವಾಗಿ ಎದುರಿಗೇ ಕಾಣುತ್ತದೆ. ಮೊದಲ ತಿಂಗಳಲ್ಲಿ ಅಂಥವು ಆರು ಇದ್ದವು.

ಮೊದಲ ದಿನ ಸ್ಟೀಲ್ ಲೋಟ. ಇದಕ್ಕಿಂತ ಸುಲಭದ್ದು ಎಂತ ಉಂಟು ಅಂತ ಕೂತೆ. ಬಾಯಿ ಮೊಟ್ಟೆಯ ಹಾಗೆ ಬಂತು, ತಳಕ್ಕೆ ನೇರ ಒಂದು ಗೆರೆ ಎಳೆದೆ. ಮಗ ನೋಡಿ, "ಅಮ್ಮ, ಇದು ಅರ್ಧ ಮೇಲಿಂದ ನೋಡಿದ್ದಾ, ಅರ್ಧ ಬದಿಯಿಂದ ನೋಡಿದ್ದಾ?" ಅಂದ. ಸಿಟ್ಟು ಬಂತು. ಆದರೆ ಅವನು ಹೇಳಿದ್ದು ಸರಿ. ನಾನು ಕೂತ ಜಾಗದಿಂದ ಲೋಟದ ಬಾಯಿ ಉದ್ದುದ್ದ ಕಾಣುವುದಾದರೆ ತಳವೂ ಬಾಗಿಯೇ ಕಾಣಬೇಕು. ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆಯಲ್ಲ, ಬಾಯಿಗಿಂತ ಜಾಸ್ತಿಯೇ ಬಾಗಬೇಕು. ಲೋಟದ ತಳ ಚಪ್ಪಟೆ ಅಂತ ನನಗೆ ಗೊತ್ತಿತ್ತು, ಗೊತ್ತಿದ್ದದ್ದನ್ನೇ ಎಳೆದುಬಿಟ್ಟಿದ್ದೆ. ಒಂದು ವಾರ ಅದೇ ಲೋಟ ಬಿಡಿಸಿದೆ. ಕಾಫಿಗೆ ಬೇರೆ ಲೋಟ ತೆಗೆದುಕೊಳ್ಳಿ ಅಂತ ಎಲ್ಲರಿಗೂ ತಾಕೀತು ಮಾಡಿ.

ರಬ್ಬರ್ ಬಿಟ್ಟದ್ದು ಎರಡು ವಾರದ ನಂತರ. ಮಗನಿಗೆ ರಜೆ ಅಂತ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿದ್ದೆವು. ಸುಮಾರು ಸವಾನೂರು ವರ್ಷದ ಹಿಂದೆ ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೆನಿ ಬಿಡಿಸಿದ ಚಿತ್ರಗಳು ಗೋಡೆ, ಮಾಡಿನ ಅಡಿ ಎಲ್ಲ ಕಡೆ. ಹೊಸದಾಗಿ ಕಲಿಯುವವರು ಅಲ್ಲಿಗೆ ಹೋಗಬಾರದು, ಲೋಟ ಪೂರಾ ಮರೆತುಹೋಗುತ್ತದೆ. ಆದರೆ ಗೋಡೆಯ ಚಿತ್ರಗಳು ಹಸಿ ಗಾರೆಯ ಮೇಲೆ ಬಿಡಿಸಿದ್ದು. ಗಾರೆ ಒಣಗುವ ಮೊದಲು ಬಣ್ಣ ಹಾಕಿ ಮುಗಿಸಬೇಕು, ಒರೆಸಿ ಒರೆಸಿ ಕೂರುವ ಹಾಗಿಲ್ಲ. ಮಾರನೇ ದಿನದಿಂದ ನಾನು ಬಾಲ್‌ಪೆನ್ ಹಿಡಿದೆ. ಹೋಲಿಕೆ ಸ್ವಲ್ಪ ಜಾಸ್ತಿಯಾಯಿತು, ಗೊತ್ತು. ಆದರೆ ರಬ್ಬರ್ ಇದ್ದಾಗ ಒಂದೇ ಗೆರೆಯಲ್ಲಿ ಅಕ್ಕಿ ಬೆಂದು ಮುಗಿಯುತ್ತಿತ್ತು.

ಮೇ 12, ಭಾನುವಾರ. ಡೈರಿಯ ಲೆಕ್ಕಕ್ಕೆ ಶುಕ್ರವಾರ. ಮಳೆ ಶುರುವಾಗುವ ಮೊದಲು ಒಡೆದ ಹಂಚು ಬದಲಿಸಲು ಮಾಡಿನ ಕೆಲಸದವರನ್ನು ಬರಹೇಳಿದ್ದೆವು. ಅವರು ಬರುವ ಮೊದಲು ನಾನು ಅಂಗಳದಲ್ಲಿ ಕುರ್ಚಿ ಹಾಕಿ ನಮ್ಮ ಮಾಡನ್ನೇ ಬಿಡಿಸುತ್ತಿದ್ದೆ. ಕೆಳಗಿನ ಸಾಲಿನಿಂದ ಶುರು ಮಾಡಿ, ಒಂದೊಂದೇ ಹಂಚು, ಅದರ ಹಿಂದೆ ಇನ್ನೊಂದು ಸಾಲು, ಅದರ ಹಿಂದೆ ಮತ್ತೊಂದು. ಚೆನ್ನಾಗಿ ಬರುತ್ತಿದೆ ಅಂತ ಒಳಗೊಳಗೇ ಖುಷಿ.

ಕೆಲಸದವರು ಬಂದು ಏಣಿ ಒರಗಿಸಿದರು. ಚಹಾ ಕೊಟ್ಟೆ. ಅವರಲ್ಲಿ ಹಿರಿಯರೊಬ್ಬರು ಜಗಲಿಯಲ್ಲಿ ಕೂತು ಡೈರಿಯ ಕಡೆಗೆ ಬಗ್ಗಿದರು.

"ಅಕ್ಕ, ಈ ಮಾಡು ಸೋರ್ತದೆ."

"ಅದಕ್ಕೇ ಅಲ್ವಾ ಅಣ್ಣ, ನಿಮ್ಮನ್ನು ಕರೆದದ್ದು."

"ಅದಲ್ಲ, ಇದು. ನೀವು ಬಿಡಿಸಿದ್ದು."

ಬೆರಳಿಟ್ಟು ತೋರಿಸಿದರು. ನನ್ನ ಚಿತ್ರದಲ್ಲಿ ಕೆಳಗಿನ ಹಂಚು ಪೂರ್ತಿ ಕಾಣುತ್ತಿತ್ತು, ಮೇಲಿನದ್ದು ಅದರ ಹಿಂದಿನಿಂದ ಇಣುಕುತ್ತಿತ್ತು. "ಮೇಲಿನ ಹಂಚು ಕೆಳಗಿನದ್ದರ ತಲೆ ಮೇಲೆ ಕೂತ್ಕೊಳ್ಬೇಕು. ಹೀಗೆ ಇಟ್ರೆ ನೀರೆಲ್ಲ ಸಂದಿಗೆ ಹೋಗಿ ಸೀದಾ ನಿಮ್ಮ ಅಡುಗೆಕೋಣೆಗೆ."

ತಲೆ ಎತ್ತಿ ನೋಡಿದೆ. ಹೌದು. ಮದುವೆಯಾಗಿ ಈ ಮನೆಗೆ ಬಂದು ಹದಿನೆಂಟು ವರ್ಷ. ಕೆಳಗಿನಿಂದ ಬಿಡಿಸುತ್ತಾ ಹೋದವಳು ಮೊದಲು ಬಿಡಿಸಿದ್ದನ್ನೇ ಮುಂದೆ ಇಟ್ಟುಕೊಂಡಿದ್ದೆ. ಮಾಡು ಎದುರಿಗೇ ಇತ್ತು, ಸುಮ್ನೆ ಕಾಗದವನ್ನೇ ನೋಡುತ್ತಿದ್ದೆ.

"ಆದರೆ ಶುರು ಮಾಡುದು ಕೆಳಗಿನಿಂದಲೇ, ಅದು ಸರಿ ಉಂಟು," ಅಂದರು ಅವರು, ಸಮಾಧಾನಕ್ಕೆ ಇರಬೇಕು. "ನಾವೂ ಹಾಗೇ ಇಡುದು."

ಆಮೇಲೆ ಕೆಳಗಿಳಿಸಿದ ಒಂದು ಹಂಚನ್ನು ನನ್ನ ಕೈಗೆ ಕೊಟ್ಟರು. ಎರಡು ಕಿಲೋ ಮೇಲೇ ಇರಬಹುದು. ಅಡಿಭಾಗದಲ್ಲಿ, ಮೇಲಿನ ಅಂಚಿನ ಹತ್ತಿರ ಎರಡು ಸಣ್ಣ ಉಬ್ಬು. ಅದು ರೀಪಿಗೆ, ಅಂದರೆ ಮಾಡಿನ ಮರದ ಅಡ್ಡಪಟ್ಟಿಗೆ, ಸಿಕ್ಕಿಕೊಳ್ಳುವ ಕಾರಣ ಹಂಚು ಜಾರುವುದಿಲ್ಲ. ಒಂದು ಬದಿಯಲ್ಲಿ ತೋಡು, ಇನ್ನೊಂದು ಬದಿಯಲ್ಲಿ ಏಣು, ಪಕ್ಕದ ಹಂಚು ಅದರೊಳಗೆ ಕೂರುತ್ತದೆ. ಕಪ್ಪು ಹಿಡಿದ ಮಣ್ಣಿನಲ್ಲಿ ಬಾಸೆಲ್ ಮಿಷನ್ ಅಂತ ಅಚ್ಚು, 1865 ಅಂತ ಇಸವಿ. ಇಷ್ಟು ಹಳೇ ಹಂಚಾ ಅಂತ ಬಾಯಿ ತೆರೆದೆ. ಅದು ಹಂಚಿನ ವಯಸ್ಸಲ್ಲ, ಕಾರ್ಖಾನೆ ಶುರುವಾದ ವರ್ಷ ಅಂತ ಒಳಗಿನಿಂದ ಮಾವ ಕೂಗಿ ಹೇಳಿದರು.

ಅದೇ ಪುಟದ ಕೆಳಗೆ ಉಳಿದ ಜಾಗದಲ್ಲಿ ಮೂರು ಸಾಲು ಹಂಚು ಮತ್ತೆ ಬಿಡಿಸಿದೆ. ಪ್ರತಿ ಹಂಚಿನ ತಲೆ ಎಲ್ಲಿ ಮುಚ್ಚಿಹೋಗುತ್ತದೆ ಅಂತ ನೋಡಿ, ಅಲ್ಲಿಗೇ ಗೆರೆ ನಿಲ್ಲಿಸಿ. ಚಿತ್ರ ಮೊದಲಿನಷ್ಟು ಚೆಂದ ಬರಲಿಲ್ಲ. ಗೆರೆಗಳು ಅಲ್ಲಲ್ಲಿ ನಡುಗಿವೆ. ಅಣ್ಣ ಸಂಜೆ ಇಳಿದು ಬಂದು ನೋಡಿ, "ಇದು ಆಗ್ತದೆ," ಅಂದರು. ಅನ್ನ ಮಾತ್ರ ಆ ದಿನ ತಳ ಹಿಡಿದಿತ್ತು.

ಜೂನ್‌ನಲ್ಲಿ ಮಳೆ ಜೋರಾದಾಗ ಅಡುಗೆಕೋಣೆಯ ಮೂಲೆಯಲ್ಲಿ ಟಪ್ ಟಪ್ ಅಂತ ಹನಿ ಬೀಳಲು ಶುರುವಾಯಿತು. ಬೈದುಕೊಂಡೇ ಒಂದು ಬಕೆಟ್ ತಂದು ಇಟ್ಟೆ. ಅಕ್ಕಿ ಬೇಯಲು ಇನ್ನೂ ಇಪ್ಪತ್ತು ನಿಮಿಷ ಇತ್ತು. ಮಣೆ ಎಳೆದುಕೊಂಡು ಬಕೆಟಿನ ಎದುರು ಕೂತೆ. ಬಾಯಿ ಉದ್ದುದ್ದ, ತಳ ಅದಕ್ಕಿಂತ ಜಾಸ್ತಿ ಬಾಗಿ.