ಹಿತ್ತಲ ಕಳೆ, ದಿನಕ್ಕೊಂದು ಚೀಟಿ: ಏಳನೇ ವಾರ

84 ಹಲ್ಲುಕಡ್ಡಿ ನೆಟ್ಟಿದ್ದೆ, 31 ಸಸಿ ಉಳಿದಿವೆ. ಮೂರಡಿ ಉದ್ದ, ಎರಡಡಿ ಅಗಲದ ನೆಲ ಅಗೆದು ಹಾಗೇ ಬಿಟ್ಟು, ತಾನಾಗಿ ಹುಟ್ಟಿದ ಒಂದೊಂದು ಸಸಿಗೂ ಒಂದೊಂದು ಕಡ್ಡಿ. ಅಳತೆ ಡಾರ್ವಿನ್ನನದು. 1859ರ ತನ್ನ ಪುಸ್ತಕದಲ್ಲಿ ಇಷ್ಟೇ ಜಾಗದ 357 ಕಳೆ ಸಸಿಗಳಲ್ಲಿ 295 ಸತ್ತವೆಂದೂ, ಹೆಚ್ಚಿನವನ್ನು ಸಿಂಬಳದ ಹುಳು, ಕೀಟಗಳೇ ಮುಗಿಸಿದವೆಂದೂ ಬರೆದಿದ್ದಾನೆ. ನನ್ನ ಲೆಕ್ಕದಲ್ಲಿ ಎರಡು ಸಸಿ ನನ್ನ ಚಪ್ಪಲಿಗೇ ಬಲಿ.

ಓದಿನ ಕಡೆ ನಿಯಮ ಹಳೆಯದೇ. ಡಬ್ಬಿಯಿಂದ ಚೀಟಿ ಎತ್ತುವುದು, ಬಂದ ವಿಷಯವನ್ನು ಇಪ್ಪತ್ತು ನಿಮಿಷ ಓದುವುದು, ನಿನ್ನೆಯ ವಿಷಯವೇ ಬಂದರೆ ವಾಪಸ್ ಹಾಕುವುದು. ಈ ವಾರ ಕವಿತೆ, ಗಣಿತ, ಖಗೋಳ ಬಂದವು. ಗಣಿತದ ದಿನ ನಿದ್ದೆ ಹೋದೆ, ಬಿಡಿ.

ಖಗೋಳದ ದಿನ ಮಾತ್ರ ಲಾಟರಿ. ಧ್ರುವಪ್ರಭೆಯ, ಅಂದರೆ ಧ್ರುವಗಳ ಕಡೆ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕಿನ ಬಗ್ಗೆ ಓದುತ್ತಿದ್ದೆ. 1733ರಲ್ಲಿ ಅದರ ಮೇಲೆ ದೊಡ್ಡ ಗ್ರಂಥ ಬರೆದ ಫ್ರಾನ್ಸಿನ ದ ಮೇರಾನ್, ಅದಕ್ಕೂ ಮೊದಲು, 1729ರಲ್ಲಿ, ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲಲ್ಲಿಟ್ಟು ನೋಡಿದ್ದನಂತೆ. ಬೆಳಕಿಲ್ಲದಿದ್ದರೂ ಎಲೆ ಹಗಲಿಗೆ ಬಿಚ್ಚಿ ರಾತ್ರಿಗೆ ಮುಚ್ಚುತ್ತಿತ್ತು. ಗಿಡ ಸೂರ್ಯನನ್ನು ಕಾಣದೆಯೇ ಅರಿಯುತ್ತದೆ ಎಂದುಕೊಂಡ. ಗಿಡದೊಳಗೇ ಗಡಿಯಾರವಿದೆ ಎಂಬ ಮಾತು ಬಂದದ್ದು ಬಹಳ ತಡವಾಗಿ. ಗಿಡದ ಪುಸ್ತಕಗಳನ್ನೇ ಓದುತ್ತಾ ಕೂತಿದ್ದರೆ ಈತ ನನಗೆ ಸಿಗುತ್ತಲೇ ಇರಲಿಲ್ಲ.

ಸರಿ, ನಾನೂ ಮುಟ್ಟಿದರೆ ಮುನಿಯನ್ನು ಕುಂಡಕ್ಕೆ ಹಾಕಿ ಕಪಾಟಿನಲ್ಲಿಟ್ಟೆ. ಪೆದ್ದುತನ! ಕಪಾಟಿನ ಬಾಗಿಲು ಎಳೆದರೆ ಕುಂಡ ಅಲುಗುತ್ತದೆ, ಅಲುಗಿದರೆ ಎಲೆ ಮುದುಡುತ್ತದೆ. ಅದು ಮಲಗಿತ್ತೋ, ನನ್ನನ್ನು ಕಂಡು ಮುನಿಸಿಕೊಂಡಿತೋ ಹೇಗೆ ಹೇಳುವುದು? ಮೂರು ದಿನ ದಂಡ. ನಾಲ್ಕನೇ ದಿನ ತಗಚೆ ಗಿಡ ನೆನಪಾಯಿತು. ಅದೂ ರಾತ್ರಿ ಎಲೆ ಜೋಡಿಸುತ್ತದೆ, ಆದರೆ ಮುಟ್ಟಿದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅದನ್ನು ಕಪಾಟಿನಲ್ಲಿಟ್ಟು, ಟಾರ್ಚಿಗೆ ಕೆಂಪು ಕಾಗದ ಸುತ್ತಿ ನೋಡಿದೆ. ರಾತ್ರಿ ಹತ್ತಕ್ಕೆ ಎಲೆಗಳು ಪುಸ್ತಕದ ಹಾಳೆಯಂತೆ ಒಂದಕ್ಕೊಂದು ಅಂಟಿದ್ದವು. ಬೆಳಗ್ಗೆ ಎಂಟಕ್ಕೆ, ಅದೇ ಗಾಢ ಕತ್ತಲಲ್ಲಿ, ಅಗಲವಾಗಿ ಬಿಚ್ಚಿದ್ದವು! ಎರಡನೇ ದಿನ ಅರೆಬರೆ. ಮೂರನೆಯ ದಿನ ಪಾಪ ಅನಿಸಿ ಹೊರಗೆ ತಂದೆ.

ನೀಲಿ ಹೂವಿನ ಕನ್ನೆ ಸೊಪ್ಪಿನ ಸಂಗತಿಯನ್ನೂ ಬರೆದಿಡಬೇಕು. ಚೌಕದಾಚೆ ಬೆಳೆದದ್ದೊಂದನ್ನು ಕಿತ್ತು ಬೇರು ತೊಳೆದೆ. ಬೇರುಗಳ ನಡುವೆ ಬಣ್ಣಗೆಟ್ಟ ಬಿಳಿ ಕಾಂಡ, ಅದರ ತುದಿಗೆ ಮೇಲಿನ ಹೂವಿಗಿರುವಂಥದೇ ಪುಟ್ಟ ದೊನ್ನೆ. ಉಗುರಿನಿಂದ ಬಿಡಿಸಿದರೆ ಒಳಗೆ ಎಳೆಕಾಯಿ. ಮಣ್ಣೊಳಗೇ, ಅರಳದೆಯೇ, ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಹೂವು ಅದು. ಮೇಲಿನದನ್ನು ಕಿತ್ತೆಸೆದು ಗೆದ್ದೆ ಅಂದುಕೊಂಡ ವರ್ಷಗಳೆಲ್ಲ ನೆನಪಾದವು.

ಬಾಕಿ: 62ನೇ ಕಡ್ಡಿಯ ಸಸಿ ಇನ್ನೂ ಗುರುತು ಸಿಕ್ಕಿಲ್ಲ, ಹೂ ಬಿಡುವವರೆಗೆ ಕಾಯಬೇಕು. ನಾಳೆಯ ಚೀಟಿ ಈಗಲೇ ಎತ್ತಿದೆ. ಬಂದ ವಿಷಯ ಕಾನೂನು. ಇನ್ನೊಂದು ಎತ್ತುವ ಆಸೆ ಆಯಿತು, ಎತ್ತಲಿಲ್ಲ.