ತಮ್ಮನ ಪರವಾಗಿ ನಾನು ಬರೆದದ್ದು

"ಚೆನ್ನಾಗಿದ್ದೀನಿ ಅಕ್ಕ." ಅಫ್ಘಾನಿಸ್ತಾನದಿಂದ ಬಂದ ಮೇಲೆ ಯಾರು ಕೇಳಿದರೂ ನನ್ನ ತಮ್ಮನದು ಇದೊಂದೇ ಉತ್ತರ. ಅಮೆರಿಕದ ಸೇನೆಯಲ್ಲಿ ರೂಢಿಯಾದ ಮಾತು. ನೋವು ನುಂಗಿಕೊಂಡವನೇ ಅಲ್ಲಿ ಗಟ್ಟಿಗ. ಆದರೆ ಪಿಟಿಎಸ್‌ಡಿಗೆ, ಅಂದರೆ ಭಯಾನಕ ಘಟನೆಗಳಿಂದ ಮನಸ್ಸಿಗಾಗುವ ಕಾಯಿಲೆಗೆ, ಅಂಗವೈಕಲ್ಯ ಪರಿಹಾರ ಕೇಳುವಾಗ ಇದೇ ಮಾತು ಮುಳುವಾಗುತ್ತದೆ.

ಮಾಜಿ ಸೈನಿಕರ ಇಲಾಖೆ, ಅಂದರೆ ವಿಎ, ಮುಖ್ಯವಾಗಿ ಮೂರು ನೋಡುತ್ತದೆ. ಈಗ ಕಾಯಿಲೆ ಇದೆಯಾ, ಸೇವೆಯಲ್ಲಿದ್ದಾಗ ಅಂಥ ಘಟನೆ ನಡೆದಿತ್ತಾ, ಎರಡಕ್ಕೂ ನಂಟಿದೆಯಾ. ಘಟನೆಗೆ ದಾಖಲೆ ತರುವುದೇ ಹಿಂದೆ ದೊಡ್ಡ ತಲೆನೋವು. 2010ರಲ್ಲಿ ನಿಯಮ ಸಡಿಲವಾಯಿತು. ಶತ್ರು ದಾಳಿಯ ಭಯದಿಂದಲೇ ಹೀಗಾಗಿದೆ ಎಂದು ವಿಎ ವೈದ್ಯರು ಒಪ್ಪಿದರೆ, ಸೇವೆ ಮಾಡಿದ ಜಾಗಕ್ಕೂ ಹೇಳಿಕೆಗೂ ತಾಳೆಯಾದರೆ, ಸೈನಿಕನ ಮಾತೇ ಸಾಕ್ಷಿ.

ಆಮೇಲೆ ಅಂಗವೈಕಲ್ಯದ ಪರ್ಸೆಂಟೇಜ್: 0, 10, 30, 50, 70, 100. ಕಾಯಿಲೆ ಕೆಲಸಕ್ಕೆ, ಸಂಬಂಧಗಳಿಗೆ ಎಷ್ಟು ಅಡ್ಡ ಬರುತ್ತಿದೆ ಅನ್ನುವುದರ ಮೇಲೆ ಇದು ನಿಂತಿದೆ. ವೈದ್ಯರ ಮುಂದೆ ಕೂತು "ಪರವಾಗಿಲ್ಲ" ಅಂದರೆ ಅವರು ಅದನ್ನೇ ಬರೆದುಕೊಳ್ಳುತ್ತಾರೆ, ಅಲ್ವಾ?

ಅದಕ್ಕೇ ಮನೆಯವರೂ ಹೇಳಿಕೆ ಬರೆಯಬೇಕು. ಅದಕ್ಕೆಂದೇ 21-10210 ಅಂತ ಫಾರಂ ಇದೆ. ಸುಮ್ನೆ "ಬಹಳ ಕಷ್ಟಪಡುತ್ತಿದ್ದಾನೆ" ಅಂತ ಬರೆದರೆ ಸಾಲದು. ನಾನು ಕಣ್ಣಾರೆ ಕಂಡದ್ದನ್ನು ಬರೆದೆ. ರಸ್ತೆ ಪಕ್ಕ ಕಸದ ಚೀಲ ಕಂಡರೆ ಸಾಕು, ಒಳಗೆ ಬಾಂಬ್ ಇದೆಯೇನೋ ಅನ್ನುವ ಹಾಗೆ ಕಾರನ್ನು ಸರ್ರನೆ ಪಕ್ಕದ ಲೇನಿಗೆ ಎಳೆಯುತ್ತಾನೆ. ಹಿಂದಿನ ಸೀಟಲ್ಲಿ ಮಗಳಿರುವುದೂ ಆಗ ನೆನಪಿರುವುದಿಲ್ಲ. ಜನ ಇರುವುದಿಲ್ಲ ಅಂತ ಮಧ್ಯರಾತ್ರಿ ಸಾಮಾನು ತರಲು ಹೋಗುತ್ತಾನೆ. ಶೂ ಬಿಚ್ಚದೆ ಮಲಗುತ್ತಾನೆ. ಹಿಂದಿನಿಂದ ಬಂದು ಹೆಗಲು ತಟ್ಟಿದವರ ಮೇಲೆ ಕೈ ಎತ್ತಿ ಕೆಲಸ ಕಳೆದುಕೊಂಡ.

ಓದಿ ಮುಖ ಸಣ್ಣ ಮಾಡಿದ. "ಇದೆಲ್ಲ ಹೇಳ್ಬೇಕಾ ಅಕ್ಕ? ಕಾಲು ಕಳೆದುಕೊಂಡವರಿದ್ದಾರೆ. ಅವರಿಗೆ ಸಿಗಬೇಕಾದ್ದನ್ನ ನಾನ್ಯಾಕೆ ತಗೊಳ್ಳಲಿ?"

ಇವನಿಗೆ ಮಂಜೂರಾದರೆ ಇನ್ನೊಬ್ಬರ ಪಾಲು ಕಡಿಮೆಯಾಗುವುದಿಲ್ಲ. ಅದನ್ನು ಅವನಿಗೆ ಎಷ್ಟು ಸಲ ಹೇಳಿದ್ದೇನೋ! ನಿದ್ದೆ ಕಳೆದುಕೊಂಡದ್ದೂ ಅದೇ ಯುದ್ಧದಲ್ಲಿ ತಾನೆ?

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಮೊದಲು "ಇಂಟೆಂಟ್ ಟು ಫೈಲ್", ಅಂದರೆ ಅರ್ಜಿ ಹಾಕಲಿದ್ದೇನೆ ಎಂದು ವಿಎಗೆ ಮೊದಲೇ ತಿಳಿಸುವ ಸೂಚನೆ, ಕೊಡಿಸಿ. ಅರ್ಜಿ ಪೂರ್ತಿ ಮಾಡಲು ಒಂದು ವರ್ಷ ಸಿಗುತ್ತದೆ. ಮಂಜೂರಾದರೆ ಈ ಸೂಚನೆ ಕೊಟ್ಟ ದಿನಾಂಕದಿಂದಲೇ ಹಣ ಲೆಕ್ಕವಾಗಬಹುದು. ಮಾನ್ಯತೆ ಪಡೆದ ಮಾಜಿ ಸೈನಿಕರ ಸಂಘಗಳ ಪ್ರತಿನಿಧಿಗಳು ಪುಕ್ಕಟೆಯಾಗಿ ಅರ್ಜಿ ತುಂಬಿಸಿಕೊಡುತ್ತಾರೆ. ಮೊದಲ ಅರ್ಜಿಗೇ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ. ಯಾವತ್ತಾದರೂ ಪರಿಸ್ಥಿತಿ ಕೈಮೀರಿದರೆ ಅಮೆರಿಕದ ತುರ್ತು ಸಹಾಯವಾಣಿ 988ಕ್ಕೆ ಫೋನ್ ಮಾಡಿ, ಮಾಜಿ ಸೈನಿಕರ ಸಾಲಿಗೆ 1 ಒತ್ತಿ. ಹಗಲಿರಲಿ, ರಾತ್ರಿಯಿರಲಿ, ಯಾರಾದರೂ ಎತ್ತುತ್ತಾರೆ. ಮನೆಯವರೂ ಮಾಡಬಹುದು.